ಸದ್ದಿಲ್ಲದ ಗಾಡಿಯ ಮಳೆಗಾಲ

ಮೊನ್ನೆ ರೈಲ್ವೆ ಕೆಲಸದ ಮೇಲೆ ಸೇಡಂಗೆ ಹೋಗಿದ್ದೆ. ಮಧ್ಯಾಹ್ನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸೂಸಲಾ, ಮಿರ್ಚಿ ತಿಂದು ಹೊರಗೆ ಬಂದು ನಿಂತಿದ್ದಾಗ ಹಳೆಯ ಟೂ-ಸ್ಟ್ರೋಕ್ ಬೈಕೊಂದು ನೀಲಿ ಹೊಗೆ ಬಿಡುತ್ತ ಮುಂದೆ ಹಾದುಹೋಯಿತು. ಪೆಟ್ರೋಲಿಗೆ ಬೆರೆಸಿದ ಆಯಿಲ್ ಸುಟ್ಟ ವಾಸನೆ. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನಾನು ಆ ಹೊಗೆ ಕರಗುವ ತನಕ ಅಲ್ಲೇ ನಿಂತಿದ್ದೆ. ಹನ್ನೆರಡು ವರ್ಷ ಆ ವಾಸನೆ ನನ್ನ ಅಂಗಿಯಿಂದ ಹೋಗಿರಲಿಲ್ಲ. ಎಷ್ಟು ಸಲ ಒಗೆದರೂ ಹೋಗುವುದಿಲ್ಲ ಎಂದು ನನ್ನ ಹೆಂಡತಿ ಆ ಬಟ್ಟೆಗಳನ್ನು ಬೇರೆ ಹಗ್ಗದ ಮೇಲೆ ಒಣಹಾಕುತ್ತಿದ್ದಳು. ಅದು ಹೋದದ್ದು ಒಂದೇ ಒಂದು ಮಳೆಗಾಲದಲ್ಲಿ.

ನಾನು ವಾಡಿ ಜಂಕ್ಷನ್ನಿನಲ್ಲಿ ಹಳಿಯ ಮೇಲಿನ ಕರೆಂಟಿನ ತಂತಿ ನೋಡಿಕೊಳ್ಳುವ ಕೆಲಸದವನು. ವಾರವೆಲ್ಲ ಆ ಕೆಲಸ, ರಜೆಯ ದಿನ ಮೋಟೋಕ್ರಾಸ್. ಮಣ್ಣಿನ ಹಾದಿಯಲ್ಲಿ, ಕೆಸರಿನಲ್ಲಿ, ದಿಬ್ಬಗಳ ಮೇಲೆ ಬೈಕು ಓಡಿಸುವ ಪಂದ್ಯ ಅದು. ದಿಬ್ಬ ಹತ್ತಿದ ಗಾಡಿ ಗಾಳಿಯಲ್ಲಿ ಹಾರಿ ಆಚೆ ಇಳಿಯುತ್ತದೆ. ನಮ್ಮ ಕಡೆ ಈ ಆಟದ ಹುಚ್ಚು ಇದ್ದವರು ನಾಲ್ಕೈದು ಮಂದಿ ಮಾತ್ರ. ಅವರಲ್ಲಿ ನನಗೆ ಹತ್ತಿರದವನು ನಾಗೇಶ. ಚಿಂಚೋಳಿಯಲ್ಲಿ ಶಾಲೆಯ ಮಾಸ್ತರ. ಭಾನುವಾರ ನಸುಕಿನಲ್ಲಿ ಎದ್ದು ಟೆಂಪೋದಲ್ಲಿ ಬೈಕು ಹೇರಿಕೊಂಡು ಅಷ್ಟು ದೂರದಿಂದ ಬರುತ್ತಿದ್ದ.

ನಾಲ್ಕು ವರ್ಷದಿಂದ ನಾವು ಓಡಿಸುತ್ತಿದ್ದ ಜಾಗ ದಂಡೋತಿಗಿಂತ ಸ್ವಲ್ಪ ಈಚೆಗೆ, ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆದು ಕೈಬಿಟ್ಟ ಒಂದು ಹಳೆಯ ಖಣಿ. ಮೆಟ್ಟಿಲಿನ ಹಾಗೆ ಇಳಿಯುವ ಕಲ್ಲಿನ ಪದರುಗಳು, ನಡುವೆ ಒಡೆದ ಚೂರುಗಳ ರಾಶಿ, ಆ ರಾಶಿಗಳ ಮೇಲೆ ನಾವೇ ಮಣ್ಣು ಹಾಕಿ ಬಡಿದು ಮಾಡಿದ ದಿಬ್ಬಗಳು. ನಮ್ಮ ಭಾಗದಲ್ಲಿ ಇಂಥ ಖಣಿಗಳಿಗೆ ಬರವಿಲ್ಲ. ಆದರೆ ಮಳೆ ಬಿದ್ದರೆ ಎಲ್ಲವೂ ಕೆರೆಗಳಾಗುತ್ತವೆ. ಈ ಖಣಿಯ ಒಂದು ಮಗ್ಗುಲು ಒಡೆದು ನೀರು ಹೊಳೆಯ ಕಡೆ ಹರಿದುಹೋಗುತ್ತಿದ್ದುದರಿಂದ ಇದೊಂದೇ ಮಳೆಗಾಲದಲ್ಲೂ ಕೆಲಸಕ್ಕೆ ಬರುತ್ತಿತ್ತು. ಪಂದ್ಯಗಳು ಚಳಿಗಾಲದಲ್ಲಿ. ಅದಕ್ಕೆ ತಯಾರಿಯೆಲ್ಲ ಮಳೆಗಾಲದಲ್ಲಿ. ಆ ವರ್ಷ ನನಗೆ ಮೂವತ್ತಾರು. ಸೋಲಾಪುರದ ಪಂದ್ಯದಲ್ಲಿ ಇನ್ನೊಂದು ಸಲ ಓಡಿಸಿ ಆಮೇಲೆ ಬಿಟ್ಟುಬಿಡುತ್ತೇನೆ ಎಂದು ಮನೆಯಲ್ಲಿ ಮಾತು ಕೊಟ್ಟಿದ್ದೆ.

ನನ್ನ ಗಾಡಿ ನೋಡಿಕೊಳ್ಳುತ್ತಿದ್ದವರು ಮಹಿಬೂಬ ಉಸ್ತಾದರು. ಶಹಾಬಾದ ಸ್ಟೇಷನ್ನಿನ ಹಿಂದೆ ಅವರ ಗ್ಯಾರೇಜು. ಆಗಲೇ ಅರವತ್ತು ದಾಟಿದ್ದರು. ಗಾಡಿ ತಂದು ನಿಲ್ಲಿಸಿದರೆ ಏನಾಗಿದೆ ಎಂದು ಕೇಳುವ ಪದ್ಧತಿ ಅವರದಲ್ಲ. ಇಂಜಿನ್ ಹಚ್ಚಿಸಿ, ಉದ್ದನೆಯ ಒಂದು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು, ಇಂಥದ್ದು ಸವೆದಿದೆ, ಇಂಥದ್ದು ಸಡಿಲಾಗಿದೆ ಎಂದು ಹೇಳುತ್ತಿದ್ದರು. ತಪ್ಪಿದ್ದನ್ನು ನಾನು ಕಂಡಿಲ್ಲ. ಗಾಡಿಗೆ ಕೊಡುವ ಔಷಧ ಮಾತ್ರವಲ್ಲ, ಓಡಿಸುವ ವಿದ್ಯೆಯನ್ನೂ ನನಗೆ ಹೇಳಿಕೊಟ್ಟವರು ಅವರೇ. ಖಣಿಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಸದ್ದಿನ ಮೇಲೆಯೇ ಕ್ಲಚ್ ತಡವಾಗಿ ಹಿಡಿದೆ, ಗೇರು ಬೇಗ ಬದಲಿಸಿದೆ ಎಂದು ತಿದ್ದುತ್ತಿದ್ದರು. ಹಾರಿ ಇಳಿಯುವಾಗ ಎಡಗೈ ಬೆರಳುಗಳು ಕ್ಲಚ್ಚಿನ ಮೇಲಿರಬೇಕು ಎಂಬುದನ್ನು ನನ್ನ ಕೈಗೆ ನೂರಾರು ಸಲ ಹೇಳಿದ್ದರು.

ಆ ವರ್ಷ ಜೂನ್ ಮೊದಲಿನ ಮಿರ್ಗ ಮಳೆ ಸರಿಯಾದ ಹೊತ್ತಿಗೆ ಬಂತು. ಎರಡನೇ ಭಾನುವಾರ ನಾವು ಖಣಿಯಲ್ಲಿದ್ದಾಗ ಹೆಣ್ಣುಮಗಳೊಬ್ಬಳು ಮೇಲಿನ ಅಂಚಿಗೆ ಬಂದು ನಿಂತಳು. ಐವತ್ತರ ಮೇಲಿನ ವಯಸ್ಸು, ತಲೆ ಮೇಲೆ ಸೆರಗು, ಕೈಯಲ್ಲಿ ಕಳೆ ತೆಗೆಯುವ ಕುರ್ಚಗಿ. ಅವಳು ನಿಂಗಮ್ಮ. ಖಣಿಗೆ ಹೊಂದಿಕೊಂಡ ತೊಗರಿ ಹೊಲ ಅವಳದು, ಹೊಲದ ತುದಿಗೆ ಅವಳ ಮನೆ. ನಾಲ್ಕು ವರ್ಷ ನಮ್ಮನ್ನು ನೋಡಿಯೂ ಒಂದು ಮಾತು ಆಡಿರಲಿಲ್ಲ. ನಾನು ಇಂಜಿನ್ ಆರಿಸಿ ಮೇಲೆ ಹತ್ತಿ ಹೋದೆ.

"ತಮ್ಮಾ, ನೀವು ಆಡೂದು ಬ್ಯಾಡ ಅನ್ನಂಗಿಲ್ಲ ನಾ," ಎಂದಳು. "ಮಗಳು ಬಾಣಂತನಕ್ಕ ಬಂದಾಳ. ಕೂಸು ನಿಮ್ಮ ಗಾಡಿ ಸಪ್ಪಳಕ್ಕ ನಡಗ್ತದ. ಒಂದ್ಸಲ ಬಂದು ನೋಡ್ರಿ, ಆಮ್ಯಾಲ ನಿಮಗ ಹ್ಯಾಂಗ ತಿಳೀತದ ಹಂಗ ಮಾಡ್ರಿ."

ಜಗಳಕ್ಕೆ ಬಂದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆನೇನೋ. ಅವಳ ಹಿಂದೆ ಹೋದೆ. ಒಳಗೆ ತೊಟ್ಟಿಲಲ್ಲಿ ಹದಿನೆಂಟು ದಿನದ ಕೂಸು ನಿದ್ದೆಯಲ್ಲಿತ್ತು. ಕೆಳಗೆ ಖಣಿಯಲ್ಲಿ ನಾಗೇಶ, ನಾನು ಎಲ್ಲಿಗೆ ಹೋದೆನೆಂದು ಗೊತ್ತಿಲ್ಲದೆ, ತನ್ನ ಗಾಡಿ ಹಚ್ಚಿದ. ಆ ಸದ್ದು ಪರಸಿಯ ಗೋಡೆಗಳಿಗೆ ಬಡಿದು ಮೇಲಕ್ಕೆದ್ದು ಮನೆಯ ಮೇಲೆ ಬಂದು ಬೀಳುತ್ತದೆ ಎಂಬುದು ನನಗೆ ಅಂದಿನ ತನಕ ಗೊತ್ತಿರಲಿಲ್ಲ. ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳು ಗಲಗಲ ಅಂದವು. ಕೂಸಿನ ಎರಡೂ ಕೈ ಗಾಳಿಗೆ ಹಾರಿದವು, ಕಾಲು ಸೆಟೆದವು, ಬಾಯಿ ತೆರೆದು ಅಳು ಬರಲೊಲ್ಲದೆ ಮುಖ ನೀಲಿಯಾಯಿತು. ಬಾಣಂತಿ ಕೂಸನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ನಾನು ಹೊರಗೆ ಓಡಿ ಬಂದು ನಾಗೇಶನಿಗೆ ಎರಡೂ ಕೈ ಅಲ್ಲಾಡಿಸಿದೆ.

ಅವತ್ತೇ ನಾವು ಖಣಿ ಬಿಟ್ಟೆವು. ಬೇರೆ ಜಾಗ ಹುಡುಕುತ್ತ ಮೂರು ವಾರ ಹೋಯಿತು. ಕೆಲವು ಕಡೆ ನೀರು, ಕೆಲವು ಕಡೆ ಕಾವಲು. ಆ ವರ್ಷದ ಪಂದ್ಯ ನನ್ನ ಪಾಲಿಗೆ ಮುಗಿದ ಹಾಗೆಯೇ ಎಂದುಕೊಂಡೆ.

ಅಷ್ಟರಲ್ಲಿ ನಾಗೇಶ ಒಂದು ಸುದ್ದಿ ತಂದ. ಪುಣೆಯಲ್ಲಿ ಬ್ಯಾಟರಿಯ ಮೋಟೋಕ್ರಾಸ್ ಬೈಕು ತಯಾರಿಸುವ ಚಿಕ್ಕ ಕಂಪನಿಯೊಂದು ಓಡಿಸುವವರ ಕೈಗೆ ಒಂದು ಹಂಗಾಮಿನ ಮಟ್ಟಿಗೆ ಗಾಡಿ ಕೊಟ್ಟು, ಹೇಗಿದೆ ಎಂದು ಕೇಳುತ್ತಿತ್ತಂತೆ. ಅವನು ಬರೆದು ಹಾಕಿದ್ದ, ಒಂದು ಗಾಡಿ ಸಿಕ್ಕಿತ್ತು. ಚಿಂಚೋಳಿಯ ಅವನ ಮನೆಯಲ್ಲಿ ಕರೆಂಟಿನ ಭರವಸೆ ಇರಲಿಲ್ಲ. ಕರೆಂಟಿನ ಕೆಲಸದವನು ನೀನೇ, ನೀನೇ ಓಡಿಸು ಎಂದು ನನಗೆ ಕೊಟ್ಟ. ತೆಳ್ಳಗೆ, ಎತ್ತರಕ್ಕೆ ಇದ್ದ ಗಾಡಿ. ಇಂಜಿನ್ ಇರಬೇಕಾದ ಕಡೆ ಒಂದು ಕರಿಯ ಪೆಟ್ಟಿಗೆ. ಕಿಕ್ ಇಲ್ಲ, ಗೇರಿಲ್ಲ, ಸೈಲೆನ್ಸರ್ ಇಲ್ಲ.

ಮೊದಲು ಉಸ್ತಾದರಿಗೆ ತೋರಿಸಬೇಕೆಂದು ಶಹಾಬಾದಕ್ಕೆ ಒಯ್ದೆ. ಅವರು ಸುತ್ತ ಒಂದು ಸಲ ತಿರುಗಿ ನೋಡಿದರು. ಸ್ಕ್ರೂಡ್ರೈವರ್ ತೆಗೆದು ಆ ಪೆಟ್ಟಿಗೆಯ ಕೆಳಗಿನ ಮೋಟರಿಗೆ ಒತ್ತಿ ಕಿವಿ ಇಟ್ಟರು. ನಾನು ಹಿಂದಿನ ಗಾಲಿ ಎತ್ತಿ ಎಕ್ಸಲೇಟರ್ ತಿರುವಿದೆ. ಸೊಳ್ಳೆಯ ಹಾಗೆ ಒಂದು ಸಣ್ಣ ಗುಂಯ್ ಬಂತು, ನಿಂತಿತು. ಅವರು ಬಹಳ ಹೊತ್ತು ಕಣ್ಣು ಮುಚ್ಚಿಯೇ ಇದ್ದರು. ಆಮೇಲೆ ಸ್ಕ್ರೂಡ್ರೈವರ್ ಒರೆಸಿ ಜೇಬಿಗಿಟ್ಟುಕೊಂಡರು.

"ಸಿದ್ದು, ಇದರ ಬ್ಯಾನಿ ನಂಗ ತಿಳಿಯಂಗಿಲ್ಲ. ದನಿ ಇಲ್ಲದ್ದಕ್ಕ ನಾ ಏನಂತ ಔಷಧ ಕೊಡ್ಲಿ?"

ನಾನು ಹೊಸ ಗಾಡಿಯ ಖುಷಿಯಲ್ಲಿದ್ದೆ. "ಇದಕ್ಕ ಔಷಧನೇ ಬೇಕಾಗಂಗಿಲ್ರಿ ಉಸ್ತಾದ. ಆಯಿಲ್ ಇಲ್ಲ, ಪ್ಲಗ್ ಇಲ್ಲ, ಕಾರ್ಬರೇಟರ್ ಇಲ್ಲ. ಕೈ ಹಚ್ಚೂದೇ ಬ್ಯಾಡ," ಎಂದೆ.

ಛಲೋ ಆಯ್ತು ಬಿಡು ಎಂದು ಅವರು ಒಳಗೆ ಹೋಗಿ, ಬೇರೆ ಯಾರದೋ ಸ್ಕೂಟರಿನ ನಟ್ಟು ಬಿಚ್ಚತೊಡಗಿದರು. ಚಹಾ ತರಿಸಲಿಲ್ಲ. ಹನ್ನೆರಡು ವರ್ಷದಲ್ಲಿ ಅವರ ಗ್ಯಾರೇಜಿನಿಂದ ಚಹಾ ಕುಡಿಯದೆ ನಾನು ಬಂದದ್ದು ಅವತ್ತು ಒಂದೇ ದಿನ. ವಾಡಿಗೆ ವಾಪಸು ಬರುವಾಗ ಅರ್ಧ ದಾರಿಯಲ್ಲಿ ನಾನು ಏನು ಅಂದೆ ಎಂಬುದು ನನಗೆ ತಿಳಿಯಿತು. ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡೆ, ಆ ನಾಳೆಗಳು ಎರಡು ತಿಂಗಳಾದವು.

ನಿಂಗಮ್ಮನ ಮನೆಗೆ ಹೋಗಿ, ಇದನ್ನು ಓಡಿಸಿ ತೋರಿಸುತ್ತೇನೆ, ಕೂಸು ಎದ್ದರೆ ಹೋಗಿಬಿಡುತ್ತೇವೆ ಎಂದು ಹೇಳಿದೆ. ಅವಳು ತೊಟ್ಟಿಲ ಹತ್ತಿರ ಕುಳಿತಳು. ನಾನು ಖಣಿಯಲ್ಲಿ ಎರಡು ಸುತ್ತು ಹಾಕಿದೆ. ಮೇಲೆ ಬಂದಾಗ ಅವಳು ಬಾಗಿಲಲ್ಲಿ ನಿಂತು, ಗಾಡಿ ಇನ್ನು ಯಾವಾಗ ಹಚ್ಚುತ್ತೀ ಎಂದು ಕೇಳಿದಳು.

ಆ ಮೊದಲ ದಿನ ನಾನು ಬಿದ್ದೆ ಕೂಡ. ಆ ಗಾಡಿಯಲ್ಲಿ ಹಿಂದಿನ ಬ್ರೇಕು ಎಡಗೈಯಲ್ಲಿ, ನಮ್ಮ ಗಾಡಿಗಳಲ್ಲಿ ಕ್ಲಚ್ ಇರುವ ಜಾಗದಲ್ಲಿ. ತಿರುವಿನಲ್ಲಿ ರೂಢಿಯಂತೆ ಕ್ಲಚ್ ಹಿಡಿಯಲು ಹೋದೆ, ಹಿಂದಿನ ಗಾಲಿ ಗಕ್ಕನೆ ನಿಂತು ನೆಲಕ್ಕೆ ಕೆಡವಿತು. ತಲೆಗೆ ಗೊತ್ತಿದ್ದರೂ ಕೈಗೆ ಗೊತ್ತಾಗಬೇಕಲ್ಲ. ಇನ್ನೊಂದು, ಎಕ್ಸಲೇಟರ್ ತಿರುವಿದ ಕ್ಷಣವೇ ಪೂರ್ತಿ ಬಲ ಗಾಲಿಗೆ ಬರುತ್ತಿತ್ತು. ಪೆಟ್ರೋಲ್ ಗಾಡಿ ಕೂಗಿ, ಉಸಿರು ತೆಗೆದುಕೊಂಡು, ಆಮೇಲೆ ಹಾರುತ್ತದೆ. ಇದು ಹೇಳದೆ ಕೇಳದೆ ಹಾರುತ್ತಿತ್ತು. ಹಾರಿ ಮೇಲಿದ್ದಾಗ ನನ್ನದೇ ಉಸಿರು ಹೆಲ್ಮೆಟ್ಟಿನೊಳಗೆ ಕೇಳುತ್ತಿತ್ತು. ಹೊಲದಲ್ಲಿ ಯಾರೋ ಯಾರನ್ನೋ ಕರೆಯುವುದು ಕೇಳುತ್ತಿತ್ತು. ಮೊದಮೊದಲು ಅದರಿಂದ ಅಂಜಿಕೆಯಾಗುತ್ತಿತ್ತು.

ಚಾರ್ಜಿಗೆ ನಿಂಗಮ್ಮನೇ ತನ್ನ ಮನೆಯ ಹಿಂದಿನ ಕೊಟ್ಟಿಗೆ ತೋರಿಸಿದಳು. ಎತ್ತು ಮಾರಿದ ಮೇಲೆ ಅದು ಖಾಲಿಯಿತ್ತು. ಪ್ಲಗ್ ಹಾಕುವ ಮೊದಲು ನಾನು ಮೀಟರ್ ಹಿಡಿದು ನೋಡಿದರೆ ಆ ಮನೆಗೆ ಅರ್ಥಿಂಗೇ ಇರಲಿಲ್ಲ. ಮಳೆಗಾಲದಲ್ಲಿ ಸ್ವಿಚ್ಚು ಮುಟ್ಟಿದರೆ ಜುಮ್ ಅನ್ನುತ್ತದೆ, ಅದಕ್ಕೇ ಕಟ್ಟಿಗೆಯಿಂದ ಒತ್ತುತ್ತೇವೆ ಎಂದಳು ಬಾಣಂತಿ. ಮುಂದಿನ ವಾರ ನಾನು, ನಾಗೇಶ ಸೇರಿ ಮನೆಯ ಹಿಂದೆ ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ, ಪೈಪ್ ಹುಗಿದು, ವೈರಿಂಗ್ ಪೂರ್ತಿ ಸರಿಮಾಡಿದೆವು. ಅಂದಿನಿಂದ ಗಾಡಿ ಆ ಕೊಟ್ಟಿಗೆಯಲ್ಲೇ ಉಳಿಯಿತು. ಮಾಸ್ತರಿಗೂ ನನಗೂ ಭಾನುವಾರ ರೊಟ್ಟಿ ಅಲ್ಲೇ ಆಗತೊಡಗಿತು.

ಶ್ರಾವಣದಲ್ಲಿ ಮೂರು ದಿನ ಬಿಡದೆ ಮಳೆ ಬಂತು. ಕಾಗಿಣಾ ಹೊಳೆ ತುಂಬಿ ದಂಡೋತಿಯ ಸೇತುವೆ ಮೇಲೆ ನೀರು ಹರಿಯುತ್ತಿತ್ತು. ನಾಲ್ಕನೇ ದಿನ ಬಿಸಿಲು ಬಿತ್ತು. ಅವತ್ತು ನನಗೆ ರಜೆ. ಖಣಿಯ ನೀರು ಹರಿದುಹೋಗಿ ನೆಲ ಕಾಲಿಗೆ ಗಟ್ಟಿಯಾಗಿತ್ತು. ನಾಗೇಶ ಕೊಟ್ಟಿಗೆಯ ಕಡೆ ಇದ್ದ. ನಾನು ಎಲ್ಲಕ್ಕಿಂತ ದೊಡ್ಡ ದಿಬ್ಬಕ್ಕೆ ಗಾಡಿ ಬಿಟ್ಟೆ.

ನಿಂಗಮ್ಮ ಖಣಿಯ ಅಡ್ಡಹಾದಿಯಿಂದ ತನ್ನ ಆಡುಗಳಿಗೆ ಹುಲ್ಲು ಕೊಯ್ಯಲು ಹೋಗಿ ಬರುತ್ತಿದ್ದಳು. ನಾಲ್ಕು ವರ್ಷವೂ ಹಾಗೆಯೇ ಮಾಡುತ್ತಿದ್ದಳಂತೆ. ಸದ್ದು ಇದ್ದರೆ ಮೇಲೆ ನಿಲ್ಲುವುದು, ಸದ್ದು ನಿಂತರೆ ಇಳಿದು ದಾಟುವುದು. ಅವತ್ತೂ ಕಿವಿಗೊಟ್ಟಿದ್ದಾಳೆ, ಏನೂ ಕೇಳಿಲ್ಲ, ಇಳಿದಿದ್ದಾಳೆ. ನಾನು ದಿಬ್ಬದ ತುದಿ ಬಿಟ್ಟು ಗಾಳಿಗೆ ಬಂದಾಗ, ನಾನು ಇಳಿಯಬೇಕಾದ ಜಾಗದಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಅವಳಿದ್ದಳು.

ಗಾಳಿಯಲ್ಲಿ ಗಾಡಿ ತಿರುಗಿಸಲು ಬರುವುದಿಲ್ಲ. ನಾನು ಏನೂ ಯೋಚಿಸಲಿಲ್ಲ. ಎಡಗೈ ತಾನಾಗಿ ಕ್ಲಚ್ ಹಿಡಿಯಿತು. ಅಲ್ಲಿ ಕ್ಲಚ್ ಇರಲಿಲ್ಲ, ಬ್ರೇಕಿತ್ತು. ತಿರುಗುತ್ತಿದ್ದ ಹಿಂದಿನ ಗಾಲಿ ಗಕ್ಕನೆ ನಿಂತಿತು. ಗಾಳಿಯಲ್ಲಿ ಹಿಂದಿನ ಗಾಲಿ ನಿಂತರೆ ಗಾಡಿಯ ಮೂತಿ ಕೆಳಗೆ ಬಾಗುತ್ತದೆ. ಗಾಡಿ ಮುಂದಕ್ಕೆ ಹೋಗುವುದನ್ನು ಬಿಟ್ಟು ಮೂತಿ ಅಡಿಯಾಗಿ, ಅವಳಿಗಿಂತ ಒಂದು ಮಾರು ಈಚೆಗೆ ನೆಲಕ್ಕೆ ಬಡಿದು ಮಗ್ಗುಲಿಗೆ ಹೊರಳಿತು. ನಾನು ಅವಳ ಕಾಲ ಬುಡದಲ್ಲಿ ಹೋಗಿ ಬಿದ್ದೆ.

ಕಣ್ಣು ಬಿಟ್ಟಾಗ ನನ್ನ ತಲೆ ಅವಳ ತೊಡೆಯ ಮೇಲಿತ್ತು. ಹುಲ್ಲು ಸುತ್ತ ಚೆಲ್ಲಿತ್ತು. ಎಡಭುಜ ಎತ್ತಲು ಆಗುತ್ತಿರಲಿಲ್ಲ. ಅವಳಿಗೆ ಎಲ್ಲಿ ತಾಗಿತೆಂದು ಕೇಳಿದೆ. ಎಲ್ಲಿಯೂ ತಾಗಿಲ್ಲವೆಂದು ತಲೆ ಅಲ್ಲಾಡಿಸಿದಳು. ಸೆರಗಿನ ತುದಿಯಿಂದ ನನ್ನ ಮುಖದ ಮಣ್ಣು ಒರೆಸುತ್ತ ಬಹಳ ಮೆಲ್ಲಗೆ ಅಂದಳು: "ಸಪ್ಪಳ ಇದ್ದಾಗ ಬ್ಯಾಡ ಅಂದೆ ತಮ್ಮಾ. ಸಪ್ಪಳ ಇಲ್ಲದ್ದಕ್ಕ ಇವತ್ತ ಹೋಗಿಬಿಡ್ತಿದ್ದೆ."

ನಾಗೇಶ ಟೆಂಪೋದಲ್ಲಿ ಚಿತ್ತಾಪುರದ ಆಸ್ಪತ್ರೆಗೆ ಒಯ್ದ. ಕೊರಳ ಹತ್ತಿರದ ಎಲುಬು ಮುರಿದಿತ್ತು. ಪಟ್ಟಿ ಕಟ್ಟಿ, ಆರು ವಾರ ಕೈ ಎತ್ತಬೇಡಿ ಎಂದು ಸಂಜೆಗೆ ಮನೆಗೆ ಕಳಿಸಿದರು. ನನ್ನ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅನ್ನ ಕಲಸಿ ಕೊಡುವಾಗ, ಆ ಅವ್ವನಿಗೆ ನಿಜವಾಗಿಯೂ ಏನೂ ಆಗಿಲ್ಲವೇ ಎಂದು ಕೇಳಿದಳು. ಆಗಿಲ್ಲ ಎಂದೆ. ಅಷ್ಟಕ್ಕೆ ಅವಳ ಕಣ್ಣು ತುಂಬಿದವು.

ಅಂದೇ ಮಧ್ಯಾಹ್ನ ಮಹಿಬೂಬ ಉಸ್ತಾದರು ಬಂದರು. ಹೊಳೆ ತುಂಬಿ ರಸ್ತೆ ಮುಚ್ಚಿತ್ತು, ಶಹಾಬಾದದಿಂದ ರೈಲು ಹತ್ತಿ ವಾಡಿಗೆ ಇಳಿದು ನಮ್ಮ ಕ್ವಾರ್ಟರ್ಸ್ ಹುಡುಕಿಕೊಂಡು ನಡೆದು ಬಂದಿದ್ದರು. ಮೋಸಂಬಿಯ ಚೀಲ ನನ್ನ ಹೆಂಡತಿಯ ಕೈಗೆ ಕೊಟ್ಟು ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತರು. ನೋವು ಹೇಗಿದೆ ಎಂದು ಕೇಳಲಿಲ್ಲ. ಹಾರಿದ ಮೇಲೆ ನನ್ನ ಎಡಗೈ ಏನು ಮಾಡಿತು ಎಂದು ಕೇಳಿದರು. ಹೇಳಿದೆ. ಎರಡು ಸಲ ಹೇಳಿಸಿದರು. ತಮ್ಮದೇ ಎಡಗೈ ಮುಂದೆ ಚಾಚಿ ಬೆರಳು ಮಡಚಿ ನೋಡಿಕೊಂಡರು.

"ಆ ಕೈಗೆ ಅದನ್ನ ಕಲಿಸಿದಾಂವ ನಾನು," ಎಂದರು ಕಡೆಗೆ. "ಇರ್ಲಿ. ಒಂದ್ ದಿನಕ್ಕರ ಕೆಲ್ಸಕ್ಕ ಬಂತು."

ಗ್ಯಾರೇಜಿನಲ್ಲಿ ಅವತ್ತು ನಾನು ಹಾಗೆ ಅನ್ನಬಾರದಿತ್ತು ಎಂದು ಎರಡು ತಿಂಗಳಿಂದ ಬಾಯಲ್ಲಿದ್ದ ಮಾತು ಹೇಳಿದೆ. ಅಂದದ್ದು ಖರೆಯೇ ಇದೆಯಲ್ಲ ಎಂದರು ಅವರು. ಆಮೇಲೆ ಗಾಡಿ ಎಲ್ಲಿದೆ ಎಂದು ಕೇಳಿದರು.

ಮುಂದಿನ ವಾರ ನಾಗೇಶ ನಮ್ಮಿಬ್ಬರನ್ನೂ ಖಣಿಗೆ ಕರೆದೊಯ್ದ. ನನ್ನ ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ. ಬಿದ್ದ ಗಾಡಿಯನ್ನು ನಿಂಗಮ್ಮ ತೊಳೆದು ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದಳು. ಹೊರಗಿನಿಂದ ಎಲ್ಲ ನೆಟ್ಟಗಿತ್ತು. ಮೋಟರ್ ತಿರುಗುತ್ತಿತ್ತು, ಚಾರ್ಜ್ ಏರುತ್ತಿತ್ತು. ಏನೂ ಆಗಿಲ್ಲ ಎಂದು ನಾನೂ ನಾಗೇಶನೂ ಮಾತಾಡಿಕೊಂಡಿದ್ದೆವು. ಉಸ್ತಾದರು ಕೊಟ್ಟಿಗೆಯ ಬಾಗಿಲು ಮುಂದಕ್ಕೆ ಎಳೆದು, ಯಾರೂ ಮಾತಾಡಬೇಡಿ ಎಂದು ಕೈ ತೋರಿದರು. ಮುಂದಿನ ಗಾಲಿ ಎತ್ತಿಸಿ ಹ್ಯಾಂಡಲ್ಲನ್ನು ಆ ಕಡೆ ಈ ಕಡೆ ಬಹಳ ನಿಧಾನವಾಗಿ ಹೊರಳಿಸಿದರು. ಸ್ಕ್ರೂಡ್ರೈವರನ್ನು ಹ್ಯಾಂಡಲಿನ ಬುಡಕ್ಕೆ ಒತ್ತಿ ಕಿವಿ ಇಟ್ಟು ಇನ್ನೊಮ್ಮೆ ಹೊರಳಿಸಿದರು. ಹಿಂದಿನ ಗಾಲಿ ತಿರುಗಿಸಿ ಚೈನಿನ ಹತ್ತಿರ ಕುಳಿತರು. ಹೊರಗೆ ಕೂಸು ಏನೋ ಗುಣುಗುಣು ಅನ್ನುತ್ತಿತ್ತು.

ಎದ್ದು ನಿಂತಾಗ ಅವರ ಮುಖದಲ್ಲಿ ಅಷ್ಟು ವರ್ಷ ನಾನು ನೋಡುತ್ತ ಬಂದ ಆ ಗಂಭೀರ ಕಳೆ ಇತ್ತು. ಹ್ಯಾಂಡಲಿನ ಬುಡದ ಬೇರಿಂಗಿನಲ್ಲಿ ಎರಡು ಗುಂಡು ಒಡೆದಿವೆ, ಹೀಗೆಯೇ ಓಡಿಸಿದ್ದರೆ ಮುಂದಿನ ಜಿಗಿತದಲ್ಲಿ ಹ್ಯಾಂಡಲ್ ಸಿಕ್ಕಿಕೊಳ್ಳುತ್ತಿತ್ತು ಎಂದರು. ಬಿಚ್ಚಿ ನೋಡಿದರೆ ಹಾಗೆಯೇ ಇತ್ತು. ಒಡೆದ ಗುಂಡುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಅವರು ಹೇಳಿದ ಮಾತು ನನಗೆ ಈಗಲೂ ನೆನಪಿದೆ.

"ಇಷ್ಟ್ ದಿನ ಇಂಜಿನ್ ಒಂದೇ ಮಾತಾಡ್ಲಿಕತ್ತಿತ್ತು ಸಿದ್ದು. ಬಾಜೂಕಿನವ್ರು ಏನ್ ಅಂತಾರ ನಂಗ ಕೇಳಸ್ತಿದ್ದಿಲ್ಲ. ಬೇರಿಂಗ, ಚೈನ, ಮುಂದಿನ ಶಾಕ್, ಎಲ್ಲಾರ್ಗೂ ದನಿ ಅದ."

ಅವತ್ತಿನಿಂದ ಅವರು ಪ್ರತಿ ಭಾನುವಾರ ಬರತೊಡಗಿದರು. ನಾನು ಓಡಿಸುವ ಹಾಗಿರಲಿಲ್ಲ. ನಾಗೇಶನ ಕೈಯಲ್ಲಿ ಓಡಿಸಿ, ಮುಂದಿನ ಶಾಕಿನ ಎಣ್ಣೆ ಇಳಿಯುವ ಸದ್ದು, ಚೂರುಕಲ್ಲು ಟಯರಿಗೆ ಸಿಡಿಯುವ ಸದ್ದು ಕೇಳುತ್ತ, ಒಂದೊಂದನ್ನೇ ಬಿಗಿಮಾಡುತ್ತ, ಸಡಿಲಿಸುತ್ತ ಗಾಡಿಯನ್ನು ಹೊಸದಾಗಿಯೇ ಕಟ್ಟಿದರು. ಎಡಗೈಯ ಬ್ರೇಕಿನ ಲಿವರಿಗೆ ಬೆರಳಿಗೆ ಬೇರೆ ಅನ್ನಿಸುವಂತೆ ಅಗಲವಾದ ತಗಡು ಸುತ್ತಿ ಕೊಟ್ಟರು. ನಿಂಗಮ್ಮ ತನ್ನ ಎತ್ತುಗಳ ಕೊರಳಿಗೆ ಕಟ್ಟುತ್ತಿದ್ದ ಹಿತ್ತಾಳೆ ಗಂಟೆಗಳನ್ನು ತಂದಳು, ಇವನ್ನು ಕಟ್ಟಿದರೆ ನನಗೆ ತಿಳಿಯುತ್ತದೆ ಎಂದಳು. ಎರಡನ್ನು ಉಸ್ತಾದರು ಮುಂದಿನ ನಂಬರ್ ಪಟ್ಟಿಯ ಹಿಂದೆ ಬಿಗಿದರು. ಗಾಡಿ ದಿಬ್ಬ ಹತ್ತಿ ಇಳಿದರೆ ಅವು ಎರಡು ಸಲ ಘಣ್ ಅನ್ನುತ್ತಿದ್ದವು. ಕೂಸು ಅದಕ್ಕೆ ಎದ್ದರೂ ಅಳುತ್ತಿರಲಿಲ್ಲ.

ದಸರೆಯ ಹೊತ್ತಿಗೆ ನನ್ನ ಎಲುಬು ಕೂಡಿತು. ದೀಪಾವಳಿ ಮುಗಿದ ಮೇಲೆ ಬಾಣಂತಿಯೂ ಕೂಸೂ ಆದಿತ್ಯನಗರಕ್ಕೆ, ಗಂಡನ ಕ್ವಾರ್ಟರ್ಸಿಗೆ ಹೋದರು. ಅವರು ಹೊರಟ ದಿನ ನಿಂಗಮ್ಮ ತಾನಾಗಿ ನಮಗೆ ಹೇಳಿದಳು, ಇನ್ನು ನಿಮ್ಮ ಹಳೆಯ ಗಾಡಿಗಳನ್ನು ತಂದರೂ ತನ್ನ ತಕರಾರಿಲ್ಲ ಎಂದು. ಸೋಲಾಪುರದ ಪಂದ್ಯಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಯಾವ ಗಾಡಿಯ ಮೇಲೆ ಹೋಗುವುದೆಂದು ಈಗ ನಾನೇ ಗಟ್ಟಿಮಾಡಬೇಕಿತ್ತು. ಪೆಟ್ರೋಲ್ ಗಾಡಿಯ ಮೇಲೆ ನನಗೆ ಹನ್ನೆರಡು ವರ್ಷದ ಕೈಯಿತ್ತು. ಗೆಲ್ಲುವ ಆಸೆ ಇದ್ದರೆ ಅದೇ ಸರಿ ಎಂದು ನಾಗೇಶ ಹೇಳಿದ. ನನಗೂ ಹಾಗೆಯೇ ಅನ್ನಿಸಿತ್ತು.

ಮುಂದಿನ ಭಾನುವಾರ ನನ್ನ ಹಳೆಯ ಗಾಡಿಯನ್ನು ಖಣಿಗೆ ತಂದೆ. ಉಸ್ತಾದರು ಹಿಂದಿನ ದಿನವೇ ಪ್ಲಗ್ ಬದಲಿಸಿ, ಕಾರ್ಬರೇಟರ್ ತೊಳೆದು ತಯಾರು ಮಾಡಿದ್ದರು. ಮೂರನೇ ಕಿಕ್ಕಿಗೆ ಹಚ್ಚಿತು. ಆ ವಾಸನೆ ಮೂಗಿಗೆ ಬಂದಾಗ ಎದೆ ತುಂಬಿತು, ಸುಳ್ಳು ಹೇಳುವುದಿಲ್ಲ. ಎರಡು ಸುತ್ತು ಹಾಕಿದೆ. ಕೈಗಳು ತಮ್ಮ ಜಾಗಕ್ಕೆ ತಾವೇ ಹೋದವು, ದಿಬ್ಬಗಳು ಸಲೀಸಾಗಿ ಕಾಲಡಿಗೆ ಬಂದು ಹೋದವು. ಆದರೆ ಟಯರು ಎಲ್ಲಿ ಹಿಡಿಯುತ್ತಿದೆ, ಎಲ್ಲಿ ಜಾರುತ್ತಿದೆ ಎಂಬುದು ತಿಳಿಯಲಿಲ್ಲ. ಆ ನಾಲ್ಕೈದು ತಿಂಗಳಲ್ಲಿ ನಾನು ಅದನ್ನು ಕಿವಿಯಿಂದ ತಿಳಿಯಲು ಕಲಿತಿದ್ದೆ, ಈಗ ಕಿವಿಗೆ ಬಾಗಿಲು ಹಾಕಿದ ಹಾಗಾಗಿತ್ತು. ಮೇಲೆ ನಿಂಗಮ್ಮ ಕೈ ಮಾಡಿ ಏನೋ ಹೇಳುತ್ತಿದ್ದಳು, ಅದೂ ಕೇಳಿಸಲಿಲ್ಲ. ಉಸ್ತಾದರ ಮುಂದೆ ಬಂದು ನಿಂತೆ. ಅವರು ಕುರ್ಚಿಯಿಂದ ಎದ್ದು ಬಂದು, ಇಂಜಿನ್ ಹಚ್ಚಿಯೇ ಇದ್ದಾಗ, ಹಿಂದಿನ ಶಾಕಿಗೆ ಸ್ಕ್ರೂಡ್ರೈವರ್ ಒತ್ತಿ ಬಹಳ ಹೊತ್ತು ಬಗ್ಗಿ ನಿಂತರು. ಆಮೇಲೆ ತಾವೇ ಪೆಟ್ರೋಲಿನ ನಳ ಮುಚ್ಚಿದರು. ಇಂಜಿನ್ ಇದ್ದಷ್ಟು ಪೆಟ್ರೋಲ್ ಕುಡಿದು ನಿಂತಿತು.

"ಏನೂ ಕೇಳಸವಲ್ದು," ಎಂದರು.

ನಾನು ಹೆಲ್ಮೆಟ್ ತೆಗೆದೆ. ಇಬ್ಬರೂ ಸೇರಿ ಆ ಗಾಡಿಯನ್ನು ತಳ್ಳಿಕೊಂಡು ಹೋಗಿ ಟೆಂಪೋದಲ್ಲಿ ಏರಿಸಿದೆವು. ನಾಗೇಶನಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. ಅದು ಶಹಾಬಾದದ ಗ್ಯಾರೇಜಿನ ಮೂಲೆಗೆ ಹೋಯಿತು, ಆಮೇಲೆ ಅದರ ಒಂದೊಂದೇ ಭಾಗ ಬೇರೆಯವರ ಗಾಡಿಗಳಿಗೆ ಸೇರಿತು.

ಸೋಲಾಪುರದಲ್ಲಿ ಹದಿನಾಲ್ಕು ಪೆಟ್ರೋಲ್ ಗಾಡಿಗಳ ನಡುವೆ ನನ್ನದೊಂದೇ ಬ್ಯಾಟರಿಯದು. ಸಾಲಿನಲ್ಲಿ ನಿಂತಾಗ ಪಕ್ಕದವನು ನನ್ನ ಗಾಡಿ ಹಚ್ಚಿಲ್ಲವೆಂದು ತಿಳಿದು, ಕಿಕ್ ಹೊಡೆಯಿರಿ ಎಂದು ಸನ್ನೆ ಮಾಡಿದ. ಗಂಟೆಗಳನ್ನು ಬಿಚ್ಚಿಟ್ಟಿದ್ದೆವು. ಬಾವುಟ ಬಿದ್ದ ಕೂಡಲೇ ಗೇರು ಬದಲಿಸುವ ಗೊಡವೆಯಿಲ್ಲದೆ ನಾನು ಮೊದಲ ತಿರುವಿಗೆ ಎಲ್ಲರಿಗಿಂತ ಮುಂದಿದ್ದೆ. ಹಿಂದೆ ಬರುವವರ ಒಬ್ಬೊಬ್ಬರ ಸದ್ದೂ ಬೇರೆಬೇರೆಯಾಗಿ ಕೇಳುತ್ತಿತ್ತು. ಯಾರು ಎಡಕ್ಕೆ ಬರುತ್ತಿದ್ದಾನೆ, ಯಾರು ಗೇರು ತಪ್ಪಿದ ಎಂದು ತಿರುಗಿ ನೋಡದೆ ಹೇಳಬಹುದಿತ್ತು. ಕಡೆಯ ಎರಡು ಸುತ್ತಿನಲ್ಲಿ ಇಪ್ಪತ್ತು ವರ್ಷದ ಇಬ್ಬರು ನನ್ನನ್ನು ದಾಟಿದರು. ಗಾಡಿಗೆ ಶಕ್ತಿ ಇತ್ತು, ಭುಜಕ್ಕಿರಲಿಲ್ಲ. ಮೂರನೆಯವನಾದೆ. ಇಳಿದಾಗ ಉಸ್ತಾದರು ಮೊದಲು ಗಾಡಿಯ ಚೈನು ಮುಟ್ಟಿ ನೋಡಿ, ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟರು. ಮನೆಯಲ್ಲಿ ಕೊಟ್ಟ ಮಾತಿನಂತೆ ಪಂದ್ಯ ಬಿಟ್ಟೆ. ಓಡಿಸುವುದನ್ನು ಬಿಡಲಿಲ್ಲ. ಈಗ ನನ್ನದೇ ಒಂದು ಬ್ಯಾಟರಿ ಗಾಡಿ ನಿಂಗಮ್ಮನ ಕೊಟ್ಟಿಗೆಯಲ್ಲಿದೆ.

ಆದರೆ ಆ ಹಂಗಾಮಿನ ಕಡೆಯ ದಿನದ ಬಗ್ಗೆ ಹೇಳದೆ ಇದನ್ನು ಮುಗಿಸಲಾರೆ. ಪುಣೆಯವರು ತಮ್ಮ ಗಾಡಿ ಒಯ್ಯಲು ಮರುದಿನ ಬರುವವರಿದ್ದರು. ತೊಗರಿಯ ರಾಶಿ ಮುಗಿದಿತ್ತು. ನಿಂಗಮ್ಮ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಸಂಜೆ ನಾಲ್ಕರ ಬಿಸಿಲು. ನಾನು ಗಾಡಿ ತೊಳೆಯಲು ನೀರು ತರುತ್ತಿದ್ದೆ. ಉಸ್ತಾದರು ಅದರ ಹತ್ತಿರ ನಿಂತು ಸೀಟಿನ ಮೇಲೆ ಕೈ ಆಡಿಸುತ್ತಿದ್ದವರು, ತಾವು ಒಂದು ಸುತ್ತು ಹೋಗಿ ಬರಬಹುದೇ ಎಂದು ಕೇಳಿದರು.

ನಾನು ಕೊಡ ಕೆಳಗಿಟ್ಟೆ. ನಲವತ್ತು ವರ್ಷ ಬೇರೆಯವರ ಗಾಡಿಗಳನ್ನು ಕಟ್ಟಿಕೊಟ್ಟ ಮನುಷ್ಯ ಒಮ್ಮೆಯೂ ಖಣಿಗೆ ಇಳಿದು ಓಡಿಸಿರಲಿಲ್ಲ. ಅವರ ಎಡಪಾದ ಚಿಕ್ಕಂದಿನಲ್ಲೇ ಮುರಿದು ಸೆಟೆದು ಕೂಡಿತ್ತು, ಮಡಚಲು ಬರುತ್ತಿರಲಿಲ್ಲ. ಗೇರು ಹಾಕುವುದು ಅದೇ ಪಾದದಿಂದ. ಹಾಗಾಗಿ ಅವರು ಕೈಯಲ್ಲೇ ಗೇರು ಹಾಕುವ ಸ್ಕೂಟರ್ ಬಿಟ್ಟು ಬೇರೆ ಏನನ್ನೂ ಓಡಿಸಿದವರಲ್ಲ. ನಾವು ಅದನ್ನು ಒಂದು ಕೊರತೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಈ ಗಾಡಿಗೆ ಗೇರಿಲ್ಲ ಎಂಬುದು ಅವರ ತಲೆಯಲ್ಲಿ ಮಾತ್ರ ಎಷ್ಟು ತಿಂಗಳಿಂದ ಇತ್ತೋ.

ನನ್ನ ಹೆಲ್ಮೆಟ್ ಅವರಿಗೆ ಹಾಕಿ ಪಟ್ಟಿ ಬಿಗಿದೆ. ಎಕ್ಸಲೇಟರ್ ಎಷ್ಟು ತಿರುವಬೇಕೆಂದು ಹೇಳಲು ಹೋದೆ, ನನಗೇ ನಗು ಬಂತು. ಅವರು ಬಹಳ ನಿಧಾನವಾಗಿ ಇಳಿಜಾರು ಇಳಿದರು. ದಿಬ್ಬಗಳನ್ನು ಹಾರಲಿಲ್ಲ, ಹತ್ತಿ ಇಳಿದರು. ಗಂಟೆಗಳನ್ನು ಪಂದ್ಯದ ಮೇಲೆ ಮತ್ತೆ ಕಟ್ಟಿರಲಿಲ್ಲ, ಹಾಗಾಗಿ ಏನೂ ಸದ್ದಿಲ್ಲ. ಪರಸಿಯ ಗೋಡೆಯ ಆಚೆಗೆ ಬಿಳಿ ಅಂಗಿ ಮರೆಯಾಗಿ ಈಚೆಗೆ ಕಾಣುತ್ತಿತ್ತು. ಎರಡನೇ ಸುತ್ತಿಗೆ ಸ್ವಲ್ಪ ಬೇಗ ಬಂದರು. ನನ್ನ ಮುಂದೆ ಹಾದುಹೋಗುವಾಗ ನಿಲ್ಲಿಸುವರೆಂದು ನಾನು ಕೈ ಚಾಚಿದೆ, ನನ್ನ ಕಡೆ ನೋಡಲೇ ಇಲ್ಲ. ನಿಂಗಮ್ಮ ಮೊರ ಕೆಳಗಿಟ್ಟು ಅಂಚಿಗೆ ಬಂದು ನನ್ನ ಪಕ್ಕ ನಿಂತಳು.

"ಅಣ್ಣಾವ್ರು ಇಳಿಯಂಗ ಕಾಣವಲ್ರು," ಎಂದಳು.

ಐದು ಸುತ್ತಾಯಿತು, ಹತ್ತಾಯಿತು. ಆಮೇಲೆ ನಾವು ಎಣಿಸಲಿಲ್ಲ. ಬಿಸಿಲು ಖಣಿಯ ತಳ ಬಿಟ್ಟು ಗೋಡೆ ಹತ್ತಿತು. ಚಾರ್ಜ್ ಪೂರ್ತಿ ಮುಗಿದು ಗಾಡಿ ತಾನಾಗಿ ನಿಲ್ಲುವ ತನಕ ಉಸ್ತಾದರು ಇಳಿಯಲಿಲ್ಲ.